ದೊಡ್ಡಿ, ಕೊಪ್ಪಲು, ಹುಂಡಿ: ಬಳಕೆಯಲ್ಲಿ ಏನು ವ್ಯತ್ಯಾಸ?

ಎಲ್ಲರಿಗೂ ನಮಸ್ಕಾರ. ಮಂಡ್ಯ, ಮೈಸೂರು ಸೀಮೆಯ ಹಳೇ ಟೋಪೋಶೀಟುಗಳನ್ನು, ಅಂದರೆ ಸರ್ವೆ ಆಫ್ ಇಂಡಿಯಾದವರು ಮೈಲಿಗೆ ಒಂದು ಇಂಚಿನ ಲೆಕ್ಕದಲ್ಲಿ ಬರೆದ ನಕ್ಷೆಗಳನ್ನು, ಸುಮ್ನೆ ಹರಡಿಕೊಂಡು ನೋಡುತ್ತಿದ್ದೆ. ಊರ ಹೆಸರಿನ ಬಾಲಗಳು ಎಲ್ಲಂದರಲ್ಲಿ ಬಂದಿಲ್ಲ. ಮದ್ದೂರಿನಿಂದ ಕನಕಪುರದ ಗುಡ್ಡಗಳ ಕಡೆ ಹೋದಷ್ಟೂ ದೊಡ್ಡಿಗಳು ಜಾಸ್ತಿ. ಶ್ರೀರಂಗಪಟ್ಟಣ, ಪಾಂಡವಪುರದ ಸುತ್ತ ಕೊಪ್ಪಲುಗಳು. ಮೈಸೂರಿನಿಂದ ತೆಂಕಲಿಗೆ ನಂಜನಗೂಡು, ತಿ. ನರಸೀಪುರದ ಕಡೆ ಹುಂಡಿಗಳು.

ದೊಡ್ಡಿಯ ವಿಷಯ ಸಲೀಸು. ದನ ಕೂಡುವ ಜಾಗ. ಬೆಳೆ ಮೇಯ್ದ ದನವನ್ನು ದೊಡ್ಡಿಗೆ ಹೊಡೆದರು ಅಂತೀವಲ್ಲ, ಅದೇ. ತೆಲುಗಿನಲ್ಲೂ ಇದೇ ಅರ್ಥವಿದೆ. ನಕ್ಷೆಯೂ ಹೂಂ ಅನ್ನುತ್ತದೆ. ಎತ್ತರ ತೋರಿಸುವ ಕಂದು ಗೆರೆಗಳು ಒತ್ತೊತ್ತಾಗಿರುವ ಕಡೆ, ಮಗ್ಗುಲಲ್ಲೇ ಹಸಿರು ಬಳಿದ ಕಾಡು, ನಡುವೆ ಕಪ್ಪು ಗೆರೆಯ ಹಳ್ಳ. ನೀರಿಗೆ ನೀಲಿ, ಬೇಸಿಗೆಯಲ್ಲಿ ಒಣಗುವ ಹಳ್ಳಕ್ಕೆ ಕಪ್ಪು. ಬಣ್ಣ ನೋಡಿಯೇ ಅದು ಮಳೆ ನಂಬಿದ ಹೊಲ ಅಂತ ಹೇಳಬಹುದು. ಅಲ್ಲೊಂದಿಷ್ಟು ಮನೆ, ಮೇಲೆ ಯಾರದೋ ಹೆಸರಿನ ದೊಡ್ಡಿ. ಮೂಲ ಊರಿನವರು ಮೇವಿಗೆ, ಗೊಬ್ಬರಕ್ಕೆ ಅಂತ ದನ ಹೊಡೆದುಕೊಂಡು ಬಂದು, ಮೊದಮೊದಲು ಕಾವಲಿಗಿದ್ದು, ಆಮೇಲೆ ಅಲ್ಲೇ ಒಲೆ ಹೂಡಿರಬೇಕು. ಕಂದಾಯದವರ ಬಾಯಲ್ಲಿ ಇಂಥವೆಲ್ಲ ಮಜರೆ, ಅಂದರೆ ಮೂಲ ಊರಿಗೆ ಸೇರಿದ ಚಿಕ್ಕ ಊರು. ಆ ಪದ ಅರಬ್ಬಿಯಿಂದ ಬಂದದ್ದು, ಅಲ್ಲಿ ಅದರ ಅರ್ಥ ಬೇಸಾಯದ ನೆಲ.

ಕೊಪ್ಪಲು ಅಂದರೆ ಕನ್ನಂಬಾಡಿ ಕಟ್ಟೆಯ ನಾಲೆ ಬಂದ ಮೇಲೆ ಹುಟ್ಟಿದ ಊರು ಅಂತ ಒಬ್ಬರು ವಾದಿಸಿದರು. ನನಗೆ ಒಪ್ಪಿಗೆಯಿಲ್ಲ. ಆ ಕಟ್ಟೆಯ ಕೆಲಸ ಶುರುವಾದದ್ದೇ 1911ರಲ್ಲಿ. ವಿಶ್ವೇಶ್ವರಯ್ಯ ನಾಲೆ ಮಂಡ್ಯದ ಕಡೆ ಹರಿದದ್ದು ಅದಾದ ಮೇಲೆ. ನನ್ನ ಲೆಕ್ಕದಲ್ಲಿ ಕೊಪ್ಪಲುಗಳು ಅದಕ್ಕೂ ಹಿಂದಿನವು; ಆಗಿನ ಊರುಗಳಿಗೆ ಕೆರೆ, ಕೆರೆಯ ಕೆಳಗಿನ ಗದ್ದೆ, ಕೆಲವು ಕಡೆ ಕಾವೇರಿಯ ಹಳೇ ಸಣ್ಣ ನಾಲೆಗಳು ಆಧಾರ. ಮೈಸೂರಿನ ಒಳಗೇ ಸೇರಿಹೋದ ಕುಂಬಾರಕೊಪ್ಪಲು, ಮಂಚೇಗೌಡನಕೊಪ್ಪಲು ನೋಡಿ: ಒಂದು ಕಸುಬಿನವರ ಹೆಸರು, ಇನ್ನೊಂದು ಗೌಡನ ಹೆಸರು. ಒಂದು ಗುಂಪೋ ಮನೆತನವೋ ಬೇರೆಯಾಗಿ ಕೂತ ಜಾಗ ಅನ್ನಿಸುತ್ತದೆ, ಅಲ್ವಾ?

ತೊಡಕು ಹುಂಡಿಯದ್ದು. ದೇವಸ್ಥಾನದ ಹುಂಡಿ ಗೊತ್ತು, ವ್ಯಾಪಾರದ ಹುಂಡಿಯೂ (ಹಣ ಕೊಡಿಸುವ ಚೀಟಿ) ಗೊತ್ತು. ಸಿದ್ದರಾಮನಹುಂಡಿಯ ಹುಂಡಿಗೆ ಇವೆರಡೂ ಹೊಂದೋದಿಲ್ಲ. ನಂಜನಗೂಡು ಕಡೆಯವರು ಹೇಳಬೇಕು: ಹೆಸರಿನ ಬಾಲವಾಗಿ ಅಲ್ಲದೆ, ಬಿಡಿ ಮಾತಾಗಿ 'ನಮ್ಮ ಹುಂಡಿ', 'ಹುಂಡಿಗೆ ಹೋಗಿ ಬಂದೆ' ಅಂತ ಮನೆಯಲ್ಲಿ ಹಿರಿಯರು ಅಂದದ್ದುಂಟಾ? ಅಲ್ಲಿ ದನ ಕೂಡುವ ಜಾಗಕ್ಕೆ ಏನಂತಾರೆ? ನಿಘಂಟು ನಾನೂ ತೆಗೆದು ನೋಡಬಲ್ಲೆ, ಕಿವಿಯಾರೆ ಕೇಳಿದ ಬಳಕೆ ಇದ್ದರೆ ಊರಿನ ಹೆಸರು ಸಮೇತ ಬರೆಯಿರಿ.