ಬ್ಯೂಮಾಂಟ್ ಮಕ್ಕಳನ್ನು ಅಷ್ಟು ಜನರ ನಡುವಿನಿಂದ ಕರೆದೊಯ್ದದ್ದು ಹೇಗೆ?

ಕಡಲತೀರ ಕೇಳುತ್ತಾರೆ:

1966ರ ಜನವರಿ 26, ಆಸ್ಟ್ರೇಲಿಯಾ ದಿನದ ರಜೆ. ಅಡಿಲೇಡ್‌ನ ಸೋಮರ್ಟನ್ ಪಾರ್ಕ್‌ನ ಮನೆಯಿಂದ ಜೇನ್ (9), ಆರ್ನಾ (7), ಗ್ರಾಂಟ್ (4) ಬೆಳಿಗ್ಗೆ ಬಸ್ ಹತ್ತಿ ಗ್ಲೆನೆಲ್ಗ್ ಕಡಲತೀರಕ್ಕೆ ಹೋದರು. ಮಧ್ಯಾಹ್ನದ ಬಸ್ಸಿಗೆ ಮರಳಬೇಕಿತ್ತು, ಬರಲಿಲ್ಲ. 2025ರ ಆರಂಭದಲ್ಲಿ ಶಂಕಿತನೊಬ್ಬನಿಗೆ ಸೇರಿದ್ದ ನಾರ್ತ್ ಪ್ಲಿಂಪ್ಟನ್‌ನ ಹಳೆಯ ಕಾರ್ಖಾನೆಯ ನೆಲವನ್ನು ಮತ್ತೊಮ್ಮೆ ಅಗೆದರೂ ಏನೂ ಸಿಗಲಿಲ್ಲ ಎಂದು ಓದಿದೆ. ನನಗೆ ಅರ್ಥವಾಗದ ಸಂಗತಿ ಒಂದೇ. ಮೂವರನ್ನು ಒಬ್ಬನೇ ಹೇಗೆ ಕರೆದೊಯ್ಯಲು ಸಾಧ್ಯ? ಕಾರಿಗೆ ಎಳೆದುಹಾಕಿದ್ದರೆ ಯಾರೂ ನೋಡುತ್ತಿರಲಿಲ್ಲವೇ? ಸಮುದ್ರದ ಪಾಲಾಗಿರಬಹುದೇ?

ಶಾಲೆಯ ಅಕ್ಕೋರು:

ಸಮುದ್ರದ ಮಾತನ್ನು ಮೊದಲು ಬಿಡೋಣ. ಮುಳುಗಿದ್ದರೆ ಟವೆಲ್, ಚೀಲ, ಬಟ್ಟೆ ಮರಳಿನ ಮೇಲೆ ಉಳಿಯಬೇಕಿತ್ತು. ಮೂವರ ಬಳಿ ಒಟ್ಟು 17 ವಸ್ತುಗಳಿದ್ದವು. ಒಂದೂ ಸಿಗಲಿಲ್ಲ.

ಎಳೆದೊಯ್ದರು ಎಂಬುದನ್ನೂ ನಾನು ಒಪ್ಪುವುದಿಲ್ಲ. ಬದುಕಿನ ಬಹುಭಾಗವನ್ನು ಪ್ರಾಥಮಿಕ ಶಾಲೆಯ ಮಕ್ಕಳ ನಡುವೆ ಕಳೆದವಳು ನಾನು. ತಂಗಿ, ತಮ್ಮನ ಹೊಣೆ ಹೊತ್ತ ಒಂಬತ್ತು ವರ್ಷದ ಹುಡುಗಿ ಹೇಗಿರುತ್ತಾಳೆಂದು ಬಲ್ಲೆ. ಅಮ್ಮ ಕೊಟ್ಟ ಚಿಲ್ಲರೆಯನ್ನು ಮತ್ತೆ ಮತ್ತೆ ಎಣಿಸುತ್ತಾಳೆ, ಬಸ್ಸಿನ ಹೊತ್ತು ತಪ್ಪಿಸುವುದಿಲ್ಲ. ಅಂಥ ಮಗುವಿನ ದಾರಿ ತಪ್ಪಿಸಬೇಕಾದರೆ ಅವಳ ಜವಾಬ್ದಾರಿಯ ಭಾವನೆಯನ್ನೇ ಹಿಡಿಯಬೇಕು. ಕರೆದೊಯ್ದವನು ಹಿಡಿದದ್ದೂ ಅದನ್ನೇ ಎಂದು ನನ್ನ ನಂಬಿಕೆ.

ಸಾಕ್ಷಿಗಳು ಹೇಳಿದ್ದನ್ನು ನೋಡಿ. ಕಡಲತೀರದ ಪಕ್ಕದ ಕಾಲಿ ರಿಸರ್ವ್ ಎಂಬ ಉದ್ಯಾನದ ಹುಲ್ಲುಹಾಸಿನಲ್ಲಿ ತೆಳುಮುಖದ, ಹೊಂಬಣ್ಣದ ಕೂದಲಿನ, ಮೂವತ್ತರ ಹರೆಯದ ಎತ್ತರದ ಗಂಡಸೊಬ್ಬ ಈಜುಡುಗೆಯಲ್ಲಿ ಮಕ್ಕಳೊಂದಿಗೆ ಆಡುತ್ತಿದ್ದ. ಮಕ್ಕಳು ನಗುತ್ತಿದ್ದರು. ಆಮೇಲೆ ಆತ ಅಕ್ಕಪಕ್ಕ ಕುಳಿತವರ ಬಳಿ ಬಂದು, ನಮ್ಮ ಸಾಮಾನು ಯಾರಾದರೂ ಮುಟ್ಟಿದರೇ, ಹಣ ಹೋಗಿದೆ ಎಂದು ವಿಚಾರಿಸಿದ. ಹೀಗೆ ಕೇಳಿದವನು ಆತನೇ, ಮಕ್ಕಳಲ್ಲ. 12.15ರ ಸುಮಾರಿಗೆ ಎಲ್ಲರೂ ಒಟ್ಟಿಗೆ ಅಲ್ಲಿಂದ ಹೊರಟರು.

ಇನ್ನು ಬೇಕರಿಯ ಸಂಗತಿ. ತಾಯಿ ಕೊಟ್ಟಿದ್ದು ಎಂಟು ಶಿಲಿಂಗ್ ಆರು ಪೆನ್ಸ್, ಎಲ್ಲವೂ ನಾಣ್ಯ. ಜೇನ್ ಅಂಗಡಿಯಲ್ಲಿ ಕೊಟ್ಟದ್ದು ಒಂದು ಪೌಂಡಿನ ನೋಟು, ಅಂದರೆ ಇಪ್ಪತ್ತು ಶಿಲಿಂಗ್. ಪೇಸ್ಟಿಗಳ (ಹೂರಣ ತುಂಬಿ ಬೇಯಿಸಿದ ತಿಂಡಿ) ಜೊತೆಗೆ ಒಂದು ಮಾಂಸದ ಪೈ ಕೂಡ ಕೊಂಡಳು. ಈ ಮಕ್ಕಳು ಹಿಂದೆಂದೂ ಪೈ ಕೊಂಡದ್ದಿಲ್ಲ ಎಂದು ಪರಿಚಯವಿದ್ದ ಅಂಗಡಿಯವರು ಹೇಳಿದರು. ಅದು ಇನ್ನೊಬ್ಬರ ಹೊಟ್ಟೆಗೆಂದು ಕೊಂಡದ್ದಲ್ಲವೇ?

ಚಿಲ್ಲರೆ ಕಳೆದರೆ ಬಸ್ಸಿಲ್ಲ, ಊಟವಿಲ್ಲ, ಮನೆಯಲ್ಲಿ ಬೈಗುಳದ ಭಯ ಬೇರೆ. ಆಗ ನಗುಮುಖದ ಪರಿಚಿತನೊಬ್ಬ ನೋಟು ಕೊಟ್ಟು, ನಾನೇ ಮನೆಗೆ ಬಿಡುತ್ತೇನೆ ಎಂದರೆ ಹುಡುಗಿಗೆ ಆತ ಆಪದ್ಬಾಂಧವ. ಪರಿಚಿತ ಎಂದು ಬೇಕೆಂದೇ ಬರೆದೆ. ಜೇನ್‌ಗೆ ಕಡಲತೀರದಲ್ಲಿ ಗೆಳೆಯನೊಬ್ಬ ಸಿಕ್ಕಿದ್ದಾನೆ ಎಂದು ಆರ್ನಾ ಅದಕ್ಕೆ ಮೊದಲೇ ತಾಯಿಗೆ ಹೇಳಿದ್ದಳು. ಯಾರೋ ಆಟದ ಜೊತೆಗಾರ ಹುಡುಗನಿರಬೇಕು ಎಂದು ತಾಯಿ ಭಾವಿಸಿದರು. ಯಾವ ತಾಯಿಯಾದರೂ ಹಾಗೇ ಭಾವಿಸುತ್ತಿದ್ದಳು. ಮಕ್ಕಳನ್ನು ಒಂಟಿಯಾಗಿ ಕಳುಹಿಸಿದ್ದೇ ತಪ್ಪು ಎಂದು ಇಂದಿಗೂ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಐದು ನಿಮಿಷದ ಬಸ್ ದಾರಿ ಅದು. ಆ ಕಾಲದ ಅಡಿಲೇಡ್‌ನಲ್ಲಿ ಅದು ಸಹಜ.

ಹಳೆಯ ಕಡತ:

ನೋಟಿನ ವಿಚಾರ ಸರಿ. ಅದಕ್ಕೇ ಕಾರ್ಖಾನೆಯ ಮಾಲೀಕನ ಮೇಲಿನ ಶಂಕೆ ಬಲವಾದದ್ದು ಎನ್ನುತ್ತೇನೆ. ಆತನ ಮನೆ ಕಡಲತೀರದ ಸಮೀಪದಲ್ಲಿತ್ತು, ಮಕ್ಕಳಿಗೆ ಪೌಂಡ್ ನೋಟು ಹಂಚುವ ಅಭ್ಯಾಸವಿತ್ತು ಎನ್ನುತ್ತಾರೆ. ಆ ದಿನಗಳಲ್ಲಿ ಕಾರ್ಖಾನೆಯ ಆವರಣದಲ್ಲಿ ತಮ್ಮಿಂದ ಗುಂಡಿ ತೋಡಿಸಿದ ಎಂದು ಇಬ್ಬರು ಸಹೋದರರು ಹೇಳಿದ್ದಾರೆ.

ಶಾಲೆಯ ಅಕ್ಕೋರು:

ಆ ಹೇಳಿಕೆಯನ್ನು ಪೊಲೀಸರೂ ಲಘುವಾಗಿ ಕಾಣಲಿಲ್ಲ. 2013ರಲ್ಲಿ ಅಗೆದರು, 2018ರಲ್ಲಿ ಮತ್ತೆ ಅಗೆದರು. ಎರಡನೆಯ ಸಲ ಪ್ರಾಣಿಗಳ ಮೂಳೆ ಸಿಕ್ಕಿತು. ಆ ಮಾಲೀಕ 2004ರಲ್ಲಿಯೇ ತೀರಿಕೊಂಡ, ಆತನ ಮೇಲೆ ಆರೋಪಪಟ್ಟಿ ಎಂದೂ ಸಲ್ಲಿಕೆಯಾಗಲಿಲ್ಲ. ಪೌಂಡ್ ನೋಟು ಆಗ ಎಲ್ಲರ ಜೇಬಿನಲ್ಲಿಯೂ ಇದ್ದ ಹಣ. ಡಾಲರ್ ಚಲಾವಣೆಗೆ ಬಂದದ್ದು ಮರು ತಿಂಗಳು, ಫೆಬ್ರುವರಿ 14ರಂದು. ಬೇರೆ ಪ್ರಕರಣಗಳ ಅಪರಾಧಿಗಳ ಹೆಸರುಗಳನ್ನೂ ಇಲ್ಲಿಗೆ ತಂದು ಸೇರಿಸಿದ್ದಾರೆ. ಹೆಸರನ್ನು ಮೊದಲು ಆರಿಸಿಕೊಂಡರೆ ಪುರಾವೆ ಅದರ ಹಿಂದೆಯೇ ಬಾಗುತ್ತದೆ. ಹುಲ್ಲುಹಾಸಿನಲ್ಲಿ ಕಂಡ ಆ ಗಂಡಸು ಏನು ಮಾಡಿದ ಎಂಬುದರಿಂದ ಆರಂಭಿಸೋಣ.

ಮಳೆನಾಡು:

ಡಚ್ ಅತೀಂದ್ರಿಯವಾದಿಯೊಬ್ಬ ಗೋದಾಮಿನ ನೆಲದಡಿ ಮಕ್ಕಳಿದ್ದಾರೆ ಎಂದಿದ್ದನಲ್ಲ, ಅದು ಏನಾಯಿತು?

ಶಾಲೆಯ ಅಕ್ಕೋರು:

ಹೆರಾರ್ಡ್ ಕ್ರೋಯ್ಸೆಟ್, 1966ರ ನವೆಂಬರ್. ಜನರು ಚಂದಾ ಎತ್ತಿ ಆ ಗೋದಾಮಿನ ನೆಲ ಒಡೆಸಿದರು, ಏನೂ ಇರಲಿಲ್ಲ. 1996ರಲ್ಲಿ ಮತ್ತೆ ಹುಡುಕಿದಾಗಲೂ ಇಲ್ಲ. ಅದಕ್ಕಿಂತ ಕ್ರೂರವಾದದ್ದು ವಿಕ್ಟೋರಿಯಾ ರಾಜ್ಯದ ಡ್ಯಾಂಡೆನಾಂಗ್‌ನಿಂದ ಬಂದ ಪತ್ರಗಳು. ಜೇನ್ ಬರೆದಂತೆ ನಟಿಸಿದ್ದ ಆ ಪತ್ರಗಳನ್ನು ನಂಬಿ ತಾಯಿತಂದೆ ಹೇಳಿದ ಜಾಗಕ್ಕೆ ಹೋಗಿ ಕಾದರು. 1992ರಲ್ಲಿ ಬೆರಳಚ್ಚಿನಿಂದ ಅದು ಯಾರೋ ಹದಿಹರೆಯದವನ ಹುಡುಗಾಟವೆಂದು ಬಯಲಾಯಿತು. ಮಕ್ಕಳು ಬಂದರೆ ಬಾಗಿಲು ಮುಚ್ಚಿರಬಾರದೆಂದು ವರ್ಷಾನುಗಟ್ಟಲೆ ಅದೇ ಮನೆಯಲ್ಲಿ ಉಳಿದವರು ಅವರು. ತಾಯಿ 2019ರಲ್ಲಿ, ತಂದೆ 2023ರಲ್ಲಿ ಉತ್ತರ ಸಿಗದೆಯೇ ಹೋದರು.

ಕಡಲತೀರ:

ಧನ್ಯವಾದಗಳು. ಅಂಚೆಯವರು ಮೂರು ಗಂಟೆಗೆ ಜೆಟ್ಟಿ ರಸ್ತೆಯಲ್ಲಿ ಮಕ್ಕಳನ್ನು ನೋಡಿದ್ದು ನಿಮ್ಮ ವಾದಕ್ಕೆ ಹೊಂದುತ್ತದೆಯೇ?

ಶಾಲೆಯ ಅಕ್ಕೋರು:

ಅಂಚೆಯವರಿಗೆ ಮಕ್ಕಳ ಪರಿಚಯವಿತ್ತು, ಆದ್ದರಿಂದ ನೋಡಿದ್ದು ನಿಜ ಎನ್ನೋಣ. ಮೊದಲು ಮೂರು ಗಂಟೆ ಎಂದರು, ಆಮೇಲೆ ಬೆಳಿಗ್ಗೆಯೇ ಇರಬೇಕು ಎಂದರು. ಮನೆಗೆ ಮೂರು ಗಂಟೆ ತಡವಾಗಿದ್ದರೂ ಜೇನ್ ನಗುತ್ತ ನಡೆಯುತ್ತಿದ್ದಳು ಎಂಬುದು ನನ್ನ ಅನುಭವಕ್ಕೆ ಒಗ್ಗುವುದಿಲ್ಲ. ನಾನು ಬೆಳಿಗ್ಗೆಯ ಹೇಳಿಕೆಯನ್ನೇ ನಂಬುತ್ತೇನೆ. ಹಾಗಾದರೆ 12.15ರ ನಂತರ ಅವರನ್ನು ಖಚಿತವಾಗಿ ಕಂಡವರು ಒಬ್ಬರೂ ಉಳಿಯುವುದಿಲ್ಲ. ಕಾರು ಆ ಹುಲ್ಲುಹಾಸಿನ ಹತ್ತಿರದಲ್ಲಿಯೇ ನಿಂತಿತ್ತು ಎಂದು ನಾನು ಭಾವಿಸುವುದು ಇದೇ ಕಾರಣಕ್ಕೆ.