ಶಹಾಪುರ ಹಾಕಿದ ಫಾರ್ವರ್ಡ್

(ನಮ್ಮದು ಕಲಬುರಗಿಯ ಹಳೆಯ ಪಿಯುಸಿ ಸೈನ್ಸ್ ಬ್ಯಾಚ್. ಆಗಿನ್ನೂ ಊರಿಗೆ ಗುಲ್ಬರ್ಗ ಅನ್ನುತ್ತಿದ್ದರು. ಎಲ್ಲರನ್ನೂ ಅವರವರ ಊರ ಹೆಸರಿನಿಂದಲೇ ಕರೆಯುತ್ತಿದ್ದೆವು, ಈಗಲೂ ಹಾಗೇ. ಎಲ್ಲರ ಒಪ್ಪಿಗೆ ಪಡೆದು ಮೊನ್ನೆಯ ಜಗಳವನ್ನು ಇಲ್ಲಿ ಹಾಕಿದ್ದೇನೆ. ನಡುವೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದಿದ್ದೇನೆ. ನಾನು ಆಳಂದ, ಮೆಡಿಕಲ್ ಶಾಪ್ ಇಟ್ಟವನು. ಗುಂಪಿನ ಅಡ್ಮಿನ್ ಕೂಡ, ಬೇರೆ ಯಾರೂ ಒಪ್ಪಲಿಲ್ಲವಾದ್ದರಿಂದ. ಚಿಂಚೋಳಿ ಡಾಕ್ಟರ್. ಟೆಸ್ಟೋಸ್ಟೆರಾನ್ ಅಂದರೆ ಹೆಚ್ಚಾಗಿ ಬೀಜದಲ್ಲಿ, ಅಂದರೆ ವೃಷಣದಲ್ಲಿ, ತಯಾರಾಗುವ ಗಂಡು ಹಾರ್ಮೋನ್. ಪ್ರೊಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ.)

ಶಹಾಪುರ: (ಫಾರ್ವರ್ಡ್) 80 ವರ್ಷದಿಂದ ಡಾಕ್ಟರುಗಳು ಮುಚ್ಚಿಟ್ಟ ಸತ್ಯ!! ಟೆಸ್ಟೋಸ್ಟೆರಾನ್‌ನಿಂದ ಪ್ರೊಸ್ಟೇಟ್ ಕ್ಯಾನ್ಸರ್ ಬೆಳೆಯುತ್ತದೆ ಅನ್ನುವುದು ಶುದ್ಧ ಸುಳ್ಳು. ಚಿಕಿತ್ಸೆ ಆದವರೂ ಧೈರ್ಯವಾಗಿ ತೆಗೆದುಕೊಳ್ಳಿ. ಹೋದ ಶಕ್ತಿ, ಹುರುಪು, ಗಂಡಸುತನ ಎಲ್ಲ ವಾಪಸ್!! ಗೊತ್ತಿರುವವರಿಗೆಲ್ಲ ಕಳಿಸಿ.

ಶಹಾಪುರ: ಹುಮನಾಬಾದ್, ನಿನಗೆ ಅಂತಲೇ ಹಾಕಿದ್ದು. ಓದು.

ಚಿತ್ತಾಪುರ: ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಇದೆಲ್ಲ ಬೇಕಾ? ಗುಂಪಿನಲ್ಲಿ ಹೆಣ್ಣುಮಕ್ಕಳೂ ಇದ್ದಾರೆ.

ಜೇವರ್ಗಿ: ಇದ್ದೇವೆ, ಓದುತ್ತಲೂ ಇದ್ದೇವೆ. ನಮ್ಮ ಮನೆಯವರಿಗೆ ಇದೇ ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿದ್ದು ನಿಮಗೆಲ್ಲ ಗೊತ್ತಲ್ಲ. ನಮ್ಮ ಸಲುವಾಗಿ ಯಾರೂ ನಾಚಿಕೊಳ್ಳಬೇಡಿ.

ಚಿಂಚೋಳಿ: ಶಹಾಪುರ, ಮೊದಲು ಅದನ್ನು ಡಿಲೀಟ್ ಮಾಡು.

ಸೇಡಂ: ಯಾಕೆ ಡಿಲೀಟ್ ಡಾಕ್ಟ್ರೇ? ಭಾಷೆ ಕೆಟ್ಟದಾಗಿದೆ, ಒಪ್ಪುತ್ತೇನೆ. ಆದರೆ ವಿಷಯ ಪೂರ್ತಿ ಸುಳ್ಳಲ್ಲ. 1941ರಲ್ಲಿ ಶಿಕಾಗೋದ ಹಗ್ಗಿನ್ಸ್ ಮತ್ತು ಹಾಜಸ್ ಒಂದು ಪೇಪರ್ ಬರೆದರು. ಬೀಜ ತೆಗೆದರೆ ಹರಡಿದ ಪ್ರೊಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆ ಅಂತ. ಅದು ನಿಜ, 1966ರಲ್ಲಿ ಹಗ್ಗಿನ್ಸ್‌ಗೆ ನೊಬೆಲ್ ಕೂಡ ಬಂತು. ಅದೇ ಪೇಪರಿನಲ್ಲಿ ಟೆಸ್ಟೋಸ್ಟೆರಾನ್ ಕೊಟ್ಟರೆ ಕ್ಯಾನ್ಸರ್ ಕೆರಳುತ್ತದೆ ಅಂತಲೂ ಇತ್ತು. ಎಷ್ಟು ಜನಕ್ಕೆ ಕೊಟ್ಟಿದ್ದರು ಗೊತ್ತಾ? ಮೂರು. ಫಲಿತಾಂಶ ಬರೆದದ್ದು ಇಬ್ಬರದು. ಅದರಲ್ಲಿ ಒಬ್ಬನಿಗೆ ಬೀಜ ಮೊದಲೇ ತೆಗೆದಿದ್ದರು. ಅಂದರೆ ಉಳಿದದ್ದು ಒಬ್ಬನೇ! ಬಾಸ್ಟನ್‌ನ ಮಾರ್ಗೆಂಟೇಲರ್ ಅನ್ನುವ ಯುರಾಲಜಿಸ್ಟ್ ಹಳೆಯ ಪೇಪರ್ ತೆಗೆದು ಓದಿ 2006ರಲ್ಲಿ ಇದನ್ನೇ ಎತ್ತಿ ತೋರಿಸಿದ. ಒಬ್ಬ ಮನುಷ್ಯನ ರಿಪೋರ್ಟ್ ಮೇಲೆ ಇಷ್ಟು ವರ್ಷ ಹೆದರಿಸಿದ್ದೀರಿ.

(ಸೇಡಂ ಸಿವಿಲ್ ಇಂಜಿನಿಯರ್. ರಿಟೈರ್ ಆದಮೇಲೆ ಇಂಥದ್ದು ಓದುವುದೇ ಕೆಲಸ. ವಾದ ಮಾಡಿ ತಲೆ ತಿನ್ನುತ್ತಾನೆ, ಆದರೆ ಸುಮ್ನೆ ಏನೂ ಹೇಳಲ್ಲ.)

ಚಿಂಚೋಳಿ: ಅಷ್ಟೂ ಸರಿ. ಮುಂದಿನದು ಓದಿದೆಯಾ? 1981, ನ್ಯೂಯಾರ್ಕ್‌ನ ಫೌಲರ್ ಮತ್ತು ವಿಟ್ಮೋರ್. ಹರಡಿದ ಕ್ಯಾನ್ಸರ್ ಇದ್ದ 52 ಜನಕ್ಕೆ ಟೆಸ್ಟೋಸ್ಟೆರಾನ್ ಕೊಟ್ಟರು. 45 ಜನಕ್ಕೆ ಕೆಟ್ಟದ್ದಾಯಿತು, ಹೆಚ್ಚಿನವರಿಗೆ ಒಂದು ತಿಂಗಳೊಳಗೇ.

ಸೇಡಂ: ಅವರಲ್ಲಿ ಬಹುತೇಕ ಎಲ್ಲರಿಗೂ ಮೊದಲೇ ಹಾರ್ಮೋನ್ ಇಳಿಸಿದ್ದರು. ಲೆಕ್ಕವೇ ಬೇರೆ.

ಚಿಂಚೋಳಿ: ಬೇರೆ ಅಂತ ನೀನೇ ಹೇಳಿದೆ, ನೆನಪಿಟ್ಟುಕೋ. ಆ ಫಾರ್ವರ್ಡ್‌ನಲ್ಲಿ ‘ಬೇರೆ’ ಅನ್ನುವುದೇ ಇಲ್ಲ. ‘ಚಿಕಿತ್ಸೆ ಆದವರು’ ಅಂತ ಎಲ್ಲರನ್ನೂ ಒಂದೇ ಗಾಡಿಗೆ ತುಂಬಿದೆ.

ಚಿತ್ತಾಪುರ: ನಾನು ಹೇಳುವುದು ಇಷ್ಟೇ, ವಯಸ್ಸಾದಮೇಲೆ ಆಸೆ ಕಮ್ಮಿ ಆಗಲಿ ಬಿಡಿ.

ಹುಮನಾಬಾದ್: ಚಿತ್ತಾಪುರ, ನನ್ನ ಚಿಂತೆ ಆಸೆಯದ್ದಲ್ಲಪ್ಪ. ಹೈದರಾಬಾದ್‌ನಲ್ಲಿ ಇದೇ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಎರಡು ವರ್ಷ ದಾಟಿತು. ಕ್ಯಾನ್ಸರ್ ಮರಳಿತಾ ಅಂತ ನೋಡುವ ಆ ಪಿಎಸ್‌ಎ ರಕ್ತಪರೀಕ್ಷೆಯಲ್ಲಿ ಪ್ರತಿ ಸಲ ‘ಇಲ್ಲ’ ಅನ್ನುವಷ್ಟೇ ಬರುತ್ತದೆ. ಆದರೆ ಮಧ್ಯಾಹ್ನ ಊಟ ಆದಮೇಲೆ ಕುರ್ಚಿಯಿಂದ ಏಳಲಿಕ್ಕೆ ಆಗಲ್ಲ. ಕಾರಹುಣ್ಣಿಮೆಗೆ ಹೊಲದ ಮನೆಗೆ ಹೋಗಿದ್ದೆ. ನಾನೇ ಸಾಕಿದ ಎತ್ತಿನ ಹಗ್ಗ ಹಿಡಿದುಕೊಳ್ಳಲಿಕ್ಕೆ ಆಗಲಿಲ್ಲ, ಆಳಿನ ಕೈಗೆ ಕೊಟ್ಟೆ. ಟಿವಿಯಲ್ಲಿ ಯಾರೋ ಅತ್ತರೆ ನನಗೂ ಅಳು ಬರುತ್ತದೆ. ತೊಡೆ ನೋಡಿದರೆ ಕೋಳಿ ಕಾಲು. ಲ್ಯಾಬ್‌ನಲ್ಲಿ ಟೆಸ್ಟೋಸ್ಟೆರಾನ್ 210 ಬಂತು. ಮಗ ಆನ್‌ಲೈನ್‌ನಲ್ಲಿ ಜೆಲ್ ತರಿಸಿದ್ದಾನೆ. ಇನ್ನೂ ತೆರೆದಿಲ್ಲ.

ಚಿತ್ತಾಪುರ: ಗೊತ್ತಿರಲಿಲ್ಲ ಮಾರಾಯಾ.

ಚಿಂಚೋಳಿ: ಹುಮನಾಬಾದ್, ರಕ್ತ ಕೊಟ್ಟದ್ದು ಎಷ್ಟು ಹೊತ್ತಿಗೆ?

ಹುಮನಾಬಾದ್: ಸಂಜೆ. ಸೂಪರ್ ಮಾರ್ಕೆಟ್ ಕಡೆ ಮದುವೆ ಊಟ ಮುಗಿಸಿ ಬರುವಾಗ ದಾರಿಯಲ್ಲೇ ಲ್ಯಾಬ್ ಇತ್ತು.

ಚಿಂಚೋಳಿ: ಹಾಗಾದರೆ ಆ 210 ಸದ್ಯಕ್ಕೆ ಲೆಕ್ಕಕ್ಕಿಲ್ಲ. ಇದು ಬೆಳಿಗ್ಗೆ ಏರಿ ಸಂಜೆಗೆ ಇಳಿಯುವ ಹಾರ್ಮೋನ್, ಊಟ ಆದಮೇಲೆ ಇನ್ನೂ ಇಳಿಯುತ್ತದೆ. ಬೇರೆ ಬೇರೆ ದಿನ ಎರಡು ಸಲ, ಬೆಳಿಗ್ಗೆ ಬೇಗ, ಖಾಲಿ ಹೊಟ್ಟೆಯಲ್ಲಿ ಕೊಡು. ಎರಡೂ ಸಲ 300ಕ್ಕಿಂತ ಕಡಿಮೆ ಬಂದು, ಜೊತೆಗೆ ತೊಂದರೆಯೂ ಇದ್ದರೆ ಮಾತ್ರ ಕೊರತೆ ಅನ್ನುತ್ತಾರೆ. ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ಮಾಡಿಸಿದ್ದೀಯಾ? ರಾತ್ರಿ ನಿದ್ದೆ? ಅಳು ಬರುವುದಕ್ಕೆ ಹಾರ್ಮೋನೇ ಕಾರಣ ಅಂತ ನಿನಗೆ ಯಾರು ಹೇಳಿದರು?

ಹುಮನಾಬಾದ್: ಗೂಗಲ್.

ಜೇವರ್ಗಿ: ನಮ್ಮ ಮನೆಯವರಿಗೆ ರೇಡಿಯೇಷನ್ ಜೊತೆ ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಳಿಸುವ ಇಂಜೆಕ್ಷನ್ ಕೊಟ್ಟಿದ್ದರು. ಏಪ್ರಿಲ್‌ನಲ್ಲಿ ನಮ್ಮೂರಿನ 42 ಡಿಗ್ರಿ, ಅದರ ಮೇಲೆ ಒಳಗಿಂದ ಸೆಕೆ. ಕೂಲರ್ ಮುಂದೆ ಕೂತರೂ ಬನಿಯನ್ ಹಿಂಡಿದರೆ ನೀರು. ಇಂಜೆಕ್ಷನ್ ನಿಲ್ಲಿಸಿ ಹತ್ತಿರ ಹತ್ತಿರ ಒಂದು ವರ್ಷಕ್ಕೆ ತಾನಾಗಿಯೇ ಸರಿಹೋಯಿತು. ಯಾವ ಜೆಲ್ಲೂ ಹಚ್ಚಲಿಲ್ಲ.

ಚಿಂಚೋಳಿ: ಹೌದು, ಹಲವರಿಗೆ ವಾಪಸ್ ಬರುತ್ತದೆ. ವಯಸ್ಸು ಜಾಸ್ತಿ ಇದ್ದವರಿಗೆ, ಬಹಳ ಕಾಲ ಇಂಜೆಕ್ಷನ್ ತೆಗೆದುಕೊಂಡವರಿಗೆ ತಡ ಆಗುತ್ತದೆ. ಕೆಲವರಿಗೆ ಬರುವುದೇ ಇಲ್ಲ.

ಸೇಡಂ: ಹಾಗಾದರೆ ಹುಮನಾಬಾದ್‌ಗೆ ಎರಡು ಸಲವೂ ಕಡಿಮೆ ಬಂತು ಅಂದುಕೋ. ಕೊಡುತ್ತೀಯೋ ಇಲ್ಲವೋ? ತಿರುಗಿಸದೆ ಹೇಳು.

ಚಿಂಚೋಳಿ: ಆಪರೇಷನ್ ಆಗಿ, ಕ್ಯಾನ್ಸರ್ ಗ್ರಂಥಿಯೊಳಗೇ ಇತ್ತು ಅಂತ ತೆಗೆದ ಗ್ರಂಥಿಯ ಲ್ಯಾಬ್ ರಿಪೋರ್ಟ್ ಹೇಳಿ, ಪಿಎಸ್‌ಎ ಏಳದೆ ಇದ್ದರೆ ಯೋಚಿಸಬಹುದು. ಅಂಥವರಿಗೆ ಕೊಟ್ಟು ನೋಡಿದ ಸಣ್ಣ ಸಣ್ಣ ಅಧ್ಯಯನಗಳಲ್ಲಿ ಕ್ಯಾನ್ಸರ್ ಮರಳಿ ಬರುವುದು ಹೆಚ್ಚಾಗಿಲ್ಲ. ಆದರೆ ಅವರೆಲ್ಲ ಆರಿಸಿ ತೆಗೆದ ರೋಗಿಗಳು. 2023ರಲ್ಲಿ ಬಂದ ಟ್ರಾವರ್ಸ್ ಅನ್ನುವ ದೊಡ್ಡ ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಗಂಡಸರಿದ್ದರು. ಪ್ರೊಸ್ಟೇಟ್ ಕ್ಯಾನ್ಸರ್ ಆದವರನ್ನು ಅದರಲ್ಲಿ ಸೇರಿಸಲೇ ಇಲ್ಲ. ಅಮೆರಿಕದ ಯುರಾಲಜಿ ಸಂಘ 2018ರಲ್ಲಿ ಬರೆದದ್ದೂ ಇದನ್ನೇ: ಈ ಕ್ಯಾನ್ಸರ್ ಆದವರಲ್ಲಿ ಲಾಭ ನಷ್ಟ ತೂಗುವಷ್ಟು ಪುರಾವೆ ಇಲ್ಲ, ಅದನ್ನು ರೋಗಿಗೆ ಹೇಳಿ ಅಂತ. ‘ಧೈರ್ಯವಾಗಿ ತಗೊಳ್ಳಿ’ ಅಂತ ಎಲ್ಲಿದೆ?

ಸೇಡಂ: ‘ಬೇಡ’ ಅಂತಲೂ ಇಲ್ಲವಲ್ಲ.

ಚಿಂಚೋಳಿ: ಇಲ್ಲ. ಅದಕ್ಕೇ ಅವನ ಸರ್ಜನ್ ಎದುರು ಕೂತು ಮಾತಾಡಬೇಕು ಅನ್ನುವುದು.

ಶಹಾಪುರ: ಒಂದು ಕೇಳಲಾ? ಇದನ್ನು ನಮ್ಮ ಅಣ್ಣನಿಗೂ ಕಳಿಸಿದ್ದೇನೆ. ಅವನಿಗೆ ಮೂಳೆಗೆ ಹರಡಿತ್ತು. ಸೊಲ್ಲಾಪುರದಲ್ಲಿ ಎರಡೂ ಬೀಜ ತೆಗೆದರು. ಈಗ ಪಿಎಸ್‌ಎ ಇಳಿದಿದೆ. ಬಹಳ ಸುಸ್ತು ಅನ್ನುತ್ತಾನೆ. ಇಂಜೆಕ್ಷನ್ ತರಿಸುತ್ತೇನೆ ಅಂತ ಬೆಳಿಗ್ಗೆ ಹೇಳಿದ.

ಚಿಂಚೋಳಿ: ಈಗಲೇ ಫೋನ್ ಮಾಡು. ಚಾಟ್ ಆಮೇಲೆ.

ಸೇಡಂ: ಶಹಾಪುರ, ಮಾಡು. ನಾನೂ ಅದನ್ನೇ ಹೇಳುತ್ತೇನೆ.

(ಶಹಾಪುರ ಆಫ್‌ಲೈನ್ ಆದ. ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಗದ್ದಲದ ಗುಂಪು ನಮ್ಮದು, ಇದು ಅಪರೂಪ.)

ಹುಮನಾಬಾದ್: ನನಗೆ ಯೋಚಿಸಬಹುದು, ಅವನ ಅಣ್ಣನಿಗೆ ಬೇಡ. ಯಾಕೆ ಅಂತ ಬಿಡಿಸಿ ಹೇಳು.

ಚಿಂಚೋಳಿ: ನಿನ್ನ ಎರೆ ಹೊಲ ನೋಡಿದ್ದೀಯಲ್ಲ. ಮಣ್ಣು ನೆಂದಮೇಲೆ ಇನ್ನೆಷ್ಟು ಮಳೆ ಬಂದರೂ ಹರಿದು ಹೋಗುತ್ತದೆ, ತೊಗರಿ ಅದನ್ನು ಕುಡಿಯಲ್ಲ. ಸೇಡಂ ಹೇಳಿದ ಆ ಮಾರ್ಗೆಂಟೇಲರ್ ವಾದ ಇದೇ. ರಕ್ತದಲ್ಲಿ ಸುಮಾರು 250 ದಾಟಿದಮೇಲೆ ಪ್ರೊಸ್ಟೇಟ್ ಕೋಶಗಳು ನೆಂದುಬಿಟ್ಟಿರುತ್ತವೆ, ಹೆಚ್ಚಿಗೆ ಬಂದದ್ದು ದೊಡ್ಡ ವ್ಯತ್ಯಾಸ ಮಾಡಲ್ಲ. ಆದರೆ ಬೀಜ ತೆಗೆದವನ ಹೊಲ ನಾವೇ ಒಣಗಿಸಿದ್ದು. ಕ್ಯಾನ್ಸರ್ ಅಡಗಿ ಕೂತಿರುವುದೇ ಅದರಿಂದ. ಅಲ್ಲಿ ಮೊದಲ ಹನಿ ನೇರ ಬೇರಿಗೆ ಹೋಗುತ್ತದೆ.

ಸೇಡಂ: ಒಂದು ಮಾತು ಮಾತ್ರ ಬಿಡಲ್ಲ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹರಡಿದವರಿಗೇ ಜಾಸ್ತಿ ಟೆಸ್ಟೋಸ್ಟೆರಾನ್ ಕೊಟ್ಟು ನೋಡುತ್ತಿದ್ದಾರೆ. ಬೈಪೋಲಾರ್ ಆಂಡ್ರೊಜನ್ ಥೆರಪಿ ಅಂತ.

ಚಿಂಚೋಳಿ: ಹೌದು. ಹಾರ್ಮೋನ್ ಇಳಿಸುವ ಚಿಕಿತ್ಸೆಗೂ ಬಗ್ಗದ ಕ್ಯಾನ್ಸರ್‌ಗೆ, ಆ ಚಿಕಿತ್ಸೆ ನಿಲ್ಲಿಸದೆ, ತಿಂಗಳಿಗೊಂದು ದೊಡ್ಡ ಡೋಸ್. ಏರಿಸಿ ಇಳಿಸಿ, ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡುತ್ತಾ. ನೋವು ಇದ್ದವರನ್ನು ತೆಗೆದುಕೊಳ್ಳುವುದಿಲ್ಲ. ಅದು ಪ್ರಯೋಗ. ಶಹಾಪುರದಲ್ಲಿ ಮನೆಯಲ್ಲಿ ಕೂತು ಮಾಡುವಂಥದ್ದಾ?

ಸೇಡಂ: ಅಲ್ಲ. ಆದರೆ ನಿಮ್ಮವರು ಹುಮನಾಬಾದ್‌ನಂಥವರಿಗೂ ಬಾಯಿ ತೆರೆಯುವ ಮೊದಲೇ ‘ಬೇಡ’ ಅನ್ನುತ್ತಾರೆ. ಅದಕ್ಕೇ ಜನ ಫಾರ್ವರ್ಡ್ ನಂಬುವುದು.

ಚಿಂಚೋಳಿ: ಅದು ನಿಜ.

ಆಳಂದ: ಅಂಗಡಿಯವನಾಗಿ ಒಂದು ಹೇಳುತ್ತೇನೆ. ಇದು ಡಾಕ್ಟರ್ ಚೀಟಿ ಇಲ್ಲದೆ ಕೊಡುವ ಮದ್ದಲ್ಲ. ಮೊಬೈಲ್ ತೋರಿಸಿ ‘ಇದೇ ಕೊಡಿ’ ಅನ್ನುವವರು ಈಗ ಜಾಸ್ತಿ. ಜೆಲ್ ಹಚ್ಚಿದ ಭುಜ ಒಣಗುವ ಮೊದಲು ಮೊಮ್ಮಗ ಬಂದು ತಬ್ಬಿದರೆ ಅದು ಮಗುವಿನ ಮೈಗೂ ಹತ್ತುತ್ತದೆ, ಹೆಂಡತಿಗೂ ಹತ್ತುತ್ತದೆ. ಕೈ ತೊಳೆಯಬೇಕು, ಹಚ್ಚಿದ ಜಾಗ ಬಟ್ಟೆಯಿಂದ ಮುಚ್ಚಬೇಕು. ಇದನ್ನು ಯಾವ ಫಾರ್ವರ್ಡೂ ಹೇಳಲ್ಲ.

ಚಿಂಚೋಳಿ: ರಕ್ತವೂ ಗಟ್ಟಿಯಾಗುತ್ತದೆ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾ 54 ದಾಟಿದರೆ ನಿಲ್ಲಿಸಬೇಕು. ಹುಮನಾಬಾದ್, ಮುಂದೆ ಶುರು ಮಾಡಿದರೂ ಪಿಎಸ್‌ಎ ಪದೇ ಪದೇ ನೋಡಿಸಬೇಕು. ಆಪರೇಷನ್ ಆದವರಲ್ಲಿ 0.2 ಮುಟ್ಟಿದರೆ, ಮತ್ತೆ ಮಾಡಿಸಿದಾಗಲೂ ಹಾಗೇ ಬಂದರೆ, ಮರಳಿ ಬಂದಿದೆ ಅಂತ ಲೆಕ್ಕ. ಇನ್ನೊಂದು, ಫಾರ್ವರ್ಡ್‌ನಲ್ಲಿ ‘ಗಂಡಸುತನ’ ಅಂತ ಇದೆಯಲ್ಲ, ಆಪರೇಷನ್ ಆದಮೇಲಿನ ಆ ತೊಂದರೆ ಹೆಚ್ಚಾಗಿ ನರದ್ದು. ಹಾರ್ಮೋನ್ ಸುರಿದರೆ ನರ ರಿಪೇರಿ ಆಗಲ್ಲ. ಅದಕ್ಕೆ ಮಾತ್ರೆ, ಪಂಪ್, ಬೇರೆ ದಾರಿ ಇವೆ.

ಹುಮನಾಬಾದ್: ಅದನ್ನು ಪರ್ಸನಲ್‌ನಲ್ಲಿ ಕೇಳುತ್ತೇನೆ.

ಜೇವರ್ಗಿ: 😄

ಶಹಾಪುರ: ಮಾತಾಡಿದೆ. ಇಂಜೆಕ್ಷನ್ ತೆಗೆದುಕೊಂಡಿಲ್ಲ. ಅಂಗಡಿಯವನು ಚೀಟಿ ಕೇಳಿ ವಾಪಸ್ ಕಳಿಸಿದ್ದಾನೆ, ಅವನಿಗೇ ಬೈಯುತ್ತಿದ್ದ. ‘ಹಾಗಾದರೆ ಸುಸ್ತಿಗೆ ಏನು ಮಾಡಲಿ’ ಅಂತ ಕೇಳುತ್ತಿದ್ದಾನೆ.

ಚಿಂಚೋಳಿ: ಹಿಮೋಗ್ಲೋಬಿನ್ ಮೊದಲು. ಹಾರ್ಮೋನ್ ಇಳಿದವರಲ್ಲಿ ರಕ್ತವೂ ಇಳಿಯುತ್ತದೆ. ಮೂಳೆ ಸವೆಯುತ್ತದೆ, ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ಅವನ ಡಾಕ್ಟರ್ ಹತ್ತಿರ ಕೇಳಲಿ. ದಿನಾ ನಡೆಯಲಿ. ಏನು ಎತ್ತಬಹುದು, ಎಷ್ಟು ಎತ್ತಬಹುದು ಅನ್ನುವುದನ್ನೂ ಕೇಳಿಯೇ ಶುರು ಮಾಡಲಿ, ಮೂಳೆಗೆ ಹರಡಿದೆ. ಈ ಸುಸ್ತಿಗೆ ವ್ಯಾಯಾಮದಷ್ಟು ಕೆಲಸ ಮಾಡುವುದು ಕಡಿಮೆ. ಒಂದು ಮಾತ್ರ ಮರೆಯಬೇಡ. ಬೆನ್ನಲ್ಲಿ ಹೊಸ ನೋವು ಬಂದರೆ, ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅವತ್ತೇ ದೊಡ್ಡ ಆಸ್ಪತ್ರೆಗೆ. ನಾಳೆ ಅಂತ ಕೂರಬೇಡಿ.

ಶಹಾಪುರ: ಹೇಳುತ್ತೇನೆ. ಫಾರ್ವರ್ಡ್ ತೆಗೆದೆ, ಅಣ್ಣನ ಚಾಟ್‌ನಿಂದಲೂ ತೆಗೆದೆ.

ಸೇಡಂ: ತೆಗೆದದ್ದು ತಪ್ಪು. ಉಳಿದ ಅರ್ಧ ಸೇರಿಸಿ ಅವನಿಗೆ ಕಳಿಸಬೇಕಿತ್ತು.

ಚಿತ್ತಾಪುರ: ನೀನೇ ಬರೆದು ಕಳಿಸು, ಪುಣ್ಯ ಬರುತ್ತದೆ.

ಹುಮನಾಬಾದ್: ಆಳಂದ, ಆ ಜೆಲ್ ವಾಪಸ್ ತೆಗೆದುಕೊಳ್ಳುತ್ತೀಯಾ?

ಆಳಂದ: ಆನ್‌ಲೈನ್‌ನಲ್ಲಿ ತರಿಸುವಾಗ ನನ್ನ ನೆನಪಾಗಲಿಲ್ಲ, ಅಲ್ವಾ?