ನೆರೆ ಇಳಿದ ಮೇಲೆ ಅಜ್ಜ-ಅಜ್ಜಿಯಂದಿರ ನಡಿಗೆ ಯಾಕೆ ಕುಂದುತ್ತದೆ?

ಬೈಲುಮನೆ:
ಉಡುಪಿಯ ಕಲ್ಸಂಕ, ಗುಂಡಿಬೈಲು ಕಡೆ 2020ರ ಸೆಪ್ಟೆಂಬರ್ 20ರಂತೆ ಬೆಳಗಾಗುವುದರೊಳಗೆ ನೀರು ನುಗ್ಗಿದರೆ ವಯಸ್ಸಾದವರನ್ನು ಹೇಗೋ ಕಾಳಜಿ ಕೇಂದ್ರಕ್ಕೆ ಮುಟ್ಟಿಸಬಹುದು. ತೊಂದರೆ ಕಾಣುವುದು ಆಮೇಲೆ. ಊರುಗೋಲು ಹಿಡಿದು ಅಂಗಳ ಸುತ್ತುತ್ತಿದ್ದವರಿಗೆ ವಾರ ಕಳೆದು ಮನೆಗೆ ಬಂದಾಗ ಬಚ್ಚಲಿಗೆ ಹೋಗಲೂ ಒಬ್ಬರ ಕೈ ಬೇಕು. ಬಿದ್ದದ್ದಿಲ್ಲ, ಜ್ವರವೂ ಇಲ್ಲ. ಹೆಚ್ಚಿನವರಿಗೆ ಬಿಪಿ, ಶುಗರ್ ಎರಡೂ ಇದೆ. ಮಳೆಗಾಲಕ್ಕೆ ಮೊದಲೇ ವಾರ್ಡಿನಲ್ಲಿ ಏನು ತಯಾರಿ ಮಾಡಿಕೊಳ್ಳಬೇಕು?

ಊರುಗೋಲು:
ಇದರ ಮೂಲ ಚಾಪೆಯಲ್ಲಿದೆ ಮಾರಾಯ್ರೇ. ಮೊಣಕಾಲು ನೋವಿನವರನ್ನು ಶಾಲೆಯ ನೆಲದಲ್ಲಿ ಚಾಪೆ ಹಾಸಿ ಕೂರಿಸಿದರೆ ಏಳಲಾಗುವುದಿಲ್ಲ. ಎಬ್ಬಿಸಲು ಹುಡುಗರನ್ನು ಕರೆಯಲು ಸಂಕೋಚ. ಶೌಚಾಲಯ ಹಿತ್ತಲಿನಲ್ಲಿ, ದಾರಿ ಕತ್ತಲೆ, ಜಾರಿಕೆ. ಆದ್ದರಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂರನೇ ದಿನಕ್ಕೆ ಮಲಬದ್ಧತೆ, ಉರಿಮೂತ್ರ, ತಲೆಸುತ್ತು, ಮತ್ತೆ ಮಲಗುವುದು. ಆರೋಗ್ಯವಂತ ವೃದ್ಧರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಿ ನೋಡಿದ ಅಧ್ಯಯನದಲ್ಲಿ ಕಾಲುಗಳ ಮಾಂಸಖಂಡ ಸುಮಾರು 1 ಕಿಲೋ ಕರಗಿತ್ತು. ಜಪಾನಿನಲ್ಲಿ 2004ರ ನೀಗಾಟಾ ಭೂಕಂಪ, 2011ರ ಸುನಾಮಿಯ ಬಳಿಕ ಇದಕ್ಕೇ ಒಂದು ಹೆಸರು ಇಟ್ಟು ಗಮನಿಸತೊಡಗಿದರು: ಚಟುವಟಿಕೆ ಇಲ್ಲದೆ ಬರುವ ಕಾಯಿಲೆ.

ಮಾಡಬೇಕಾದ್ದು ದುಬಾರಿಯದ್ದಲ್ಲ. 70 ದಾಟಿದವರಿಗೆ ಸುಮಾರು 45 ಸೆ.ಮೀ. ಎತ್ತರದ ಮಂಚ ಅಥವಾ ಬೆಂಚು, ಅದೂ ಶೌಚಾಲಯದ ಹತ್ತಿರದ ಕೋಣೆಯಲ್ಲಿ. ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಎರಡನ್ನು ಒಂದರೊಳಗೊಂದು ಇಟ್ಟರೆ ಬಾಗುವುದಿಲ್ಲ. ಹಿಂಬದಿ ಗೋಡೆಗೆ ತಾಗಿರಲಿ. ದಿನಕ್ಕೆ 3–4 ಸಲ, ಪ್ರತಿ ಸಲ 5–8 ಬಾರಿ ಕುರ್ಚಿಯಿಂದ ಎಬ್ಬಿಸಿ ಕೂರಿಸಿ. ಬಟ್ಟಲು ತೊಳೆಯುವುದು, ತರಕಾರಿ ಹೆಚ್ಚುವುದು ಅವರಿಂದಲೇ ಆಗಲಿ. "ನೀವು ಕೂತ್ಕೊಳ್ಳಿ ಅಜ್ಜಿ" ಎಂಬ ಉಪಚಾರವೇ ಇಲ್ಲಿ ಅಪಾಯ.

ಮಾತ್ರೆಡಬ್ಬಿ:
ಮೇಲಿನದ್ದು ಸರಿ. ಔಷಧದ ಕಡೆಯನ್ನೂ ಸೇರಿಸುತ್ತೇನೆ. ಜೂನ್‌ಗೆ ಮೊದಲೇ 2 ವಾರದ ಮಾತ್ರೆ, ಚೀಟಿಯ ಪ್ರತಿ, ಕನ್ನಡಕ, ಶ್ರವಣಯಂತ್ರದ ಬ್ಯಾಟರಿ, ಹಲ್ಲಿನ ಸೆಟ್ಟು ಇಡುವ ಡಬ್ಬಿ ಎಲ್ಲ ಒಂದೇ ಜಿಪ್ ಚೀಲದಲ್ಲಿ. ಹಲ್ಲಿನ ಸೆಟ್ಟು ಮರೆತರೆ ಊಟವೆಂದರೆ ಬರೀ ಗಂಜಿ ತಿಳಿ, ಜೊತೆಗೆ ಉಪ್ಪಿನಕಾಯಿ. ಬಿಪಿ ಏರಲು ಬೇರೆ ಕಾರಣ ಬೇಡ.

ಇನ್ಸುಲಿನ್: ಕರೆಂಟು ಹೋದರೆ ಗಾಬರಿ ಬೇಡ. ತೆರೆದ ಬಾಟಲಿ 30 ಡಿಗ್ರಿಗಿಂತ ಕಡಿಮೆಯಲ್ಲಿ ಸಾಮಾನ್ಯವಾಗಿ 28 ದಿನ ಬಾಳುತ್ತದೆ. ಮಣ್ಣಿನ ಮಡಕೆಯೊಳಗೆ ಇಟ್ಟು, ಮಡಕೆಯನ್ನು ಒದ್ದೆ ಮರಳಿನಲ್ಲಿ ಕೂರಿಸಿ. ನೇರ ಐಸ್ ಮೇಲೆ ಇಡಬೇಡಿ, ಹೆಪ್ಪುಗಟ್ಟಿದ್ದನ್ನು ಎಸೆಯಬೇಕು. ಮುಖ್ಯ ತಪ್ಪು ಬೇರೆಯೇ: ಊಟ ತಡವಾಗುವುದು ಗೊತ್ತಿಲ್ಲದೆ ಮನೆಯ ಹೊತ್ತಿಗೇ ಚುಚ್ಚಿಕೊಳ್ಳುವುದು. ತಟ್ಟೆ ಎದುರಿಗೆ ಬಂದ ಮೇಲೆಯೇ ಸೂಜಿ.

ವಾಂತಿ, ಭೇದಿ ಶುರುವಾದರೆ ಮೂತ್ರ ಹೋಗಿಸುವ ಮಾತ್ರೆ, ಕೆಲವು ಬಿಪಿ ಮಾತ್ರೆ, ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ಮುಂದುವರಿಸಬೇಕೇ ಎಂದು ಅದೇ ದಿನ ಡಾಕ್ಟರಲ್ಲಿ ಫೋನಿನಲ್ಲಿ ಕೇಳಿ. ದೇಹದಲ್ಲಿ ನೀರಿಲ್ಲದಾಗ ಮೊದಲೆರಡು ಕಿಡ್ನಿಗೆ ಹೊಡೆತ, ಕಿಡ್ನಿ ಸೋತರೆ ಮೆಟ್‌ಫಾರ್ಮಿನ್ ಹೊರಹೋಗದೆ ದೇಹದಲ್ಲೇ ಉಳಿಯುತ್ತದೆ.

ಬೈಲುಮನೆ:
ಇಲಿ ಜ್ವರಕ್ಕೆ ಎಲ್ಲರಿಗೂ ಮಾತ್ರೆ ಹಂಚುತ್ತಾರಲ್ಲ, ವಯಸ್ಸಾದವರಿಗೆ ಕೊಡಬಹುದೇ?

ಮಾತ್ರೆಡಬ್ಬಿ:
ನೀರಿಗಿಳಿದವರಿಗೆ ಡಾಕ್ಸಿಸೈಕ್ಲಿನ್ 200 ಮಿ.ಗ್ರಾಂ, ವಾರಕ್ಕೊಮ್ಮೆ, ಕೊಡುವ ತೀರ್ಮಾನ ವೈದ್ಯರದ್ದು. ಲೋಟದ ತುಂಬ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಕೂತೇ ಇರಬೇಕು. ನುಂಗಿ ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣಾಗುತ್ತದೆ.

ಊರುಗೋಲು:
ಕರಾವಳಿಯವರು ಮರೆಯುವ ಇನ್ನೊಂದಿದೆ, ಮೆಲಿಯಾಯ್ಡೋಸಿಸ್. ಮಣ್ಣು, ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಉಡುಪಿ, ಮಂಗಳೂರು ಭಾಗದಲ್ಲಿ ಮಳೆಗಾಲದಲ್ಲೇ ಹೆಚ್ಚು, ಶುಗರ್ ಇದ್ದವರಿಗೆ ಅದರಲ್ಲೂ ಹೆಚ್ಚು. ಬಿಡದ ಜ್ವರ, ಕೆಮ್ಮು ನೋಡಿ ಕ್ಷಯ ಅಂದುಕೊಳ್ಳುವುದುಂಟು. ರಕ್ತದ ಕಲ್ಚರ್‌ನಿಂದ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ತಿಳಿಯುತ್ತದೆ, ಅದಕ್ಕೆ ರಕ್ತವನ್ನು ಆ್ಯಂಟಿಬಯೋಟಿಕ್ ಶುರುಮಾಡುವ ಮೊದಲೇ ತೆಗೆಯಬೇಕು. ಕನಿಷ್ಠ 10–14 ದಿನ ಇಂಜೆಕ್ಷನ್, ಬಳಿಕ 3 ತಿಂಗಳಾದರೂ ಮಾತ್ರೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ಮರುಕಳಿಸುತ್ತದೆ. ಮನೆಯ ಕೆಸರು ಬಳಿಯುವ ಕೆಲಸ ಶುಗರ್ ಇದ್ದವರಿಗೆ ಬೇಡ, ಕಾಲಲ್ಲಿ ಗಾಯವಿದ್ದರೆ ಖಂಡಿತ ಬೇಡ. ಜ್ವರ ಬಂದರೆ ಡಾಕ್ಟರಿಗೆ ಮೊದಲ ಮಾತಲ್ಲೇ ಹೇಳಿ: ನೆರೆ ನೀರಿಗೆ ಇಳಿದಿದ್ದರು, ಶುಗರ್ ಇದೆ.